ಕೆಂಡಕ್ಕೆ ಎಷ್ಟು ಗಾಳಿ ಬೇಕು

ಆಷಾಢದ ಗಾಳಿ ಶುರುವಾಯಿತೆಂದರೆ ಗದಗಿನ ಮಾಳಿಗೆಯ ಮೇಲೆ ಗ್ರಿಲ್ ಹಚ್ಚಿದವರಿಗೆ ಇದ್ದಿಲು ಸುರಿದಷ್ಟೂ ಸಾಲುವುದಿಲ್ಲ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಆ ಪಡುವಣ ಗಾಳಿಯೇ ಗ್ರಿಲ್ಲಿನ ಹೊಟ್ಟೆಗೂ ನುಗ್ಗುತ್ತದೆ. ಕೆಂಡ ನಿಗಿನಿಗಿ ಕಾದು ಬೇಗನೆ ಬೂದಿಯಾಗುತ್ತದೆ. ಕೋಳಿ ಹೊರಗೆ ಕರಕಲು, ಎಲುಬಿನ ಹತ್ತಿರ ಹಸಿ. ಅದೇ ಗ್ರಿಲ್ಲು, ಅದೇ ಚೀಲದ ಇದ್ದಿಲು, ದೀಪಾವಳಿ ಕಳೆದ ಮೇಲೆ ಎಲೆಯೂ ಅಲುಗಾಡದ ಸಂಜೆಯಲ್ಲಿ ಹೊತ್ತಿಕೊಳ್ಳುವುದಕ್ಕೇ ತಕರಾರು ಮಾಡುತ್ತದೆ. ಆಗ ಸೀಮೆಎಣ್ಣೆ ಬಾಟಲಿಗೆ ಕೈ ಹೋಗುತ್ತದೆ, ಊಟಕ್ಕೆಲ್ಲ ಅದರದೇ ವಾಸನೆ.

ಎರಡೂ ತೊಂದರೆಗಳ ಬೇರು ಒಂದೇ. ಗ್ರಿಲ್ಲಿನ ಕಾವನ್ನು ನಿರ್ಧರಿಸುವುದರಲ್ಲಿ ಇದ್ದಿಲಿನ ರಾಶಿಗಿಂತ ಅದಕ್ಕೆ ಸಿಗುವ ಗಾಳಿಯ ಪಾಲು ದೊಡ್ಡದು. ಒಂದು ಕಿಲೋ ಇಂಗಾಲ ಪೂರ್ತಿ ಉರಿಯಲು ಸುಮಾರು 11.5 ಕಿಲೋ ಗಾಳಿ ಬೇಕು. ಅಂದರೆ 9ರಿಂದ 10 ಘನ ಮೀಟರ್. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯೊಳಗಿನ ಗಾಳಿಯಲ್ಲಿ ಮೂರನೇ ಒಂದು ಪಾಲು. ಇಷ್ಟು ಗಾಳಿ ಯಾವ ದಾರಿಯಿಂದ ಒಳಗೆ ಬರುತ್ತದೆ, ಎಷ್ಟು ಬೇಗ ಬರುತ್ತದೆ, ಬಿಸಿಯಾಗಿ ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದು ಕೈಗೆ ಸಿಕ್ಕರೆ ಅಡುಗೆ ಕೈಗೆ ಸಿಕ್ಕಿತು.

ಈ ಸೀಮೆಯವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಹಿಂಗಾರಿ ಜೋಳ ಹಾಲುಗಾಳು ಕಟ್ಟಿದಾಗ ಹೊಲದಲ್ಲೇ ಸಣ್ಣ ಕುಣಿ ತೋಡಿ, ಕುಳ್ಳು ಹಚ್ಚಿ, ಹೊಗೆಯೆಲ್ಲ ಹೋಗಿ ಬರೀ ಕೆಂಡ ಮತ್ತು ಬಿಸಿ ಬೂದಿ ಉಳಿಯುವ ತನಕ ಕಾದು, ಆಮೇಲೆ ತೆನೆ ಇಟ್ಟು ಸೀತನಿ ಸುಡುತ್ತಾರೆ. ಉರಿಯಲ್ಲಿ ಹಿಡಿದರೆ ಕಾಳಿನ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಹಾಲು ಹಾಗೇ ಉಳಿಯುತ್ತದೆ. ಕುಣಿಯ ಅಂಚು ಗಾಳಿಯನ್ನು ತಡೆಯುತ್ತದೆ, ಬೂದಿ ಕಾವನ್ನು ಮೆತ್ತಗೆ ಮಾಡುತ್ತದೆ. ಗ್ರಿಲ್ಲಿನ ಗಾಳಿಕಿಂಡಿ, ಮುಚ್ಚಳ, ಜಾಲರಿ ಎಲ್ಲವೂ ಮಾಡುವುದು ಇದೇ ಕೆಲಸವನ್ನು.

ಇದ್ದಿಲು ಆರಿಸುವುದು

ಹುಬ್ಬಳ್ಳಿ, ಗದಗ, ಹಾವೇರಿಗಳ ಕಟ್ಟಿಗೆ ಅಡ್ಡೆಗಳಲ್ಲಿ ಸಿಗುವ ಇದ್ದಿಲಿನಲ್ಲಿ ಜಾಲಿಯದು ನನ್ನ ಮೊದಲ ಆಯ್ಕೆ. ಕರಿಜಾಲಿಯಾಗಲಿ ಬಳ್ಳಾರಿ ಜಾಲಿಯಾಗಲಿ, ಕಟ್ಟಿಗೆ ಗಟ್ಟಿ. ಅದರ ಇದ್ದಿಲೂ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಒಂದೇ ದೋಷವೆಂದರೆ ಹೊತ್ತುವಾಗ ಚಟಪಟ ಸಿಡಿಯುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಚೆನ್ನಾಗಿ ಕಾಯುತ್ತದೆ, ಹೊಗೆ ಕಡಿಮೆ, ಬೂದಿಯೂ ಕಡಿಮೆ. ಆದರೆ ತುಂಡುಗಳು ತೆಳ್ಳಗೆ, ಚಪ್ಪಟೆ. ಒಂದರ ಮೇಲೊಂದು ಒತ್ತಿಕೊಂಡು ಕೂತರೆ ನಡುವೆ ಗಾಳಿ ಆಡುವುದಿಲ್ಲ. ಜಾಲಿ ಇದ್ದಿಲಿನ ಜೊತೆ ಬೆರೆಸಿ ಬಳಸುವುದೇ ಒಳ್ಳೆಯದು. ಅಂಗಡಿಯ ಪೊಟ್ಟಣಗಳಲ್ಲಿ ಬರುವ ಬ್ರಿಕೆಟ್ ಎಂದರೆ ಇದ್ದಿಲಿನ ಪುಡಿಗೆ ಗಂಜಿಯ ಅಂಟು ಸೇರಿಸಿ ಒತ್ತಿದ ಉಂಡೆ. ಎಲ್ಲವೂ ಒಂದೇ ಅಳತೆ ಇರುವುದರಿಂದ ಕಾವು ಒಂದೇ ಸಮನೆ ಬರುತ್ತದೆ, ತಾಸುಗಟ್ಟಲೆ ನಿಧಾನ ಅಡುಗೆಗೆ ಅನುಕೂಲ. ಹೊತ್ತಲು ತಡ, ಬೂದಿ ಹೆಚ್ಚು. ತೆನೆ, ಬದನೆಕಾಯಿ, ಪನೀರಿನಂಥ ಬೇಗ ಬೇಯುವ ಪದಾರ್ಥಕ್ಕೆ ಬ್ರಿಕೆಟ್ ಬೇಕಾಗಿಲ್ಲ.

ಕೊಳ್ಳುವಾಗ ಒಂದು ತುಂಡು ಮುರಿದು ನೋಡಿ. ಒಳ್ಳೆಯ ಇದ್ದಿಲು ಕೈಗೆ ಹಗುರ. ಮುರಿದ ಜಾಗ ಕಪ್ಪಾಗಿ ಹೊಳೆಯುತ್ತದೆ. ಎರಡು ತುಂಡು ಬಡಿದರೆ ಗಾಜಿನಂತೆ ಟಣ್ ಎನ್ನುತ್ತದೆ. ಒಳಗೆ ಕಂದು ಬಣ್ಣ ಕಂಡರೆ, ತೂಕ ಹೆಚ್ಚೆನಿಸಿದರೆ, ಸಪ್ಪಳ ಮಂದವಾಗಿದ್ದರೆ ಅದು ಅರೆಬೆಂದ ಕಟ್ಟಿಗೆ. ಅದರೊಳಗಿನ ಹೊಗೆಪದಾರ್ಥ ಇನ್ನೂ ಹೋಗಿರುವುದಿಲ್ಲ. ನಿಮ್ಮ ಗ್ರಿಲ್ಲಿನಲ್ಲಿ ಕಣ್ಣುರಿಸುವ ಹೊಗೆಯಾಗಿ ಹೋಗುತ್ತದೆ. ಅಂಥ ತುಂಡುಗಳನ್ನು ಬೇರೆ ಇಡಿ, ನೀರೊಲೆಗೆ ಸರಿಹೋಗುತ್ತವೆ. ಕುಲುಮೆಯಲ್ಲಿ ಉರಿಸುವ ಕಲ್ಲಿದ್ದಲನ್ನು ಮಾತ್ರ ಅಡುಗೆಯ ಹತ್ತಿರ ಸುಳಿಯಗೊಡಬೇಡಿ. ಅದರಲ್ಲಿ ಗಂಧಕ ಇರುತ್ತದೆ, ಅದರ ಹೊಗೆ ತಿನ್ನುವ ಪದಾರ್ಥಕ್ಕೆ ತಾಗಬಾರದು.

ಚೀಲ ಮನೆಗೆ ಬಂದ ಮೇಲೆ ಒಂದು ಕೆಲಸ ಇದೆ, ಬಹಳ ಮಂದಿ ಬಿಡುವುದು ಅದನ್ನೇ. ದೊಡ್ಡ ಕಣ್ಣಿನ ಜರಡಿಯ ಮೇಲೆ ಇದ್ದಿಲು ಸುರಿದು ಪುಡಿ ಬೇರೆ ಮಾಡಿ. ಕೋಳಿಮೊಟ್ಟೆಯಿಂದ ನಿಂಬೆಹಣ್ಣಿನವರೆಗಿನ ಗಾತ್ರದವು ಒಂದು ಗುಂಪು. ಅದಕ್ಕಿಂತ ದೊಡ್ಡವನ್ನು ಸುತ್ತಿಗೆಯಿಂದ ಒಡೆಯಿರಿ. ಪುಡಿ ಹಾಗೇ ಗ್ರಿಲ್ಲಿಗೆ ಬಿದ್ದರೆ ತುಂಡುಗಳ ಸಂದಿ ತುಂಬುತ್ತದೆ, ಕೆಳಗಿನ ಕಿಂಡಿ ಮುಚ್ಚುತ್ತದೆ, ಗಾಳಿ ನಿಲ್ಲುತ್ತದೆ. "ಈ ಸಲದ ಇದ್ದಿಲು ಸರಿ ಇಲ್ಲ" ಎನ್ನುವ ದೂರುಗಳಲ್ಲಿ ಬಹುಪಾಲು ಪುಡಿಯ ದೂರು.

ಇನ್ನೊಂದು ಶತ್ರು ತೇವ. ಇದ್ದಿಲಿನ ಮೈತುಂಬ ಸೂಕ್ಷ್ಮ ರಂಧ್ರಗಳಿರುತ್ತವೆ, ಹವೆಯ ತೇವವನ್ನು ಅದು ಸುಮ್ಮನೆ ಹೀರುತ್ತ ಕೂಡುತ್ತದೆ. ಮಲೆನಾಡಿನ ಸೆರಗಿಗೆ ತಾಗಿರುವ ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಣಿಚೀಲದಲ್ಲಿಟ್ಟ ಇದ್ದಿಲು ಕೈಗೆ ತಣ್ಣಗೆ ತಾಗುವಷ್ಟು ತೇವ ಹಿಡಿದಿರುತ್ತದೆ. ತೇವದ ಇದ್ದಿಲಿನ ಮೊದಲ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಒಳಗೆ ಸಿಕ್ಕಿಕೊಂಡ ಆವಿ ತುಂಡನ್ನು ಸೀಳಿ ಸಿಡಿಸುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ. ಬಿಸಿಲು ಬಿದ್ದ ದಿನ ತಗಡಿನ ಮೇಲೆ ಹರವಿ ಒಣಗಿಸಿ, ಸಂಜೆಗೆ ಹಚ್ಚಿ.

ಹೊತ್ತಿಸುವುದು

ಇದ್ದಿಲು ಹೊತ್ತಲು ಅದರ ಒಂದು ಮೂಲೆ ಸುಮಾರು 350 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಒಂಟಿ ತುಂಡನ್ನು ಅಲ್ಲಿಗೆ ಮುಟ್ಟಿಸಿದರೂ ಸುತ್ತಲಿನ ತಣ್ಣನೆಯ ಗಾಳಿ ಅದನ್ನು ಆರಿಸಿಬಿಡುತ್ತದೆ. ಹತ್ತು ತುಂಡು ಒತ್ತಟ್ಟಿಗೆ ಇದ್ದರೆ ಒಂದು ಇನ್ನೊಂದನ್ನು ಕಾಯಿಸುತ್ತದೆ. ಹೀಗಾಗಿ ಹೊತ್ತಿಸುವಾಗ ರಾಶಿ ಎತ್ತರವಾಗಿರಲಿ, ಅಡುಗೆಯ ಹೊತ್ತಿಗೆ ಹರಡಿರಲಿ. ಗ್ರಿಲ್ಲಿನ ತಳದಲ್ಲಿ ಇದ್ದಿಲನ್ನು ಮೊದಲೇ ಸಪಾಟಾಗಿ ಹರಡಿ ಅಲ್ಲಲ್ಲಿ ಕಡ್ಡಿ ಗೀರುತ್ತ ಕೂಡುವವರಿಗೆ ಕತ್ತಲಾದರೂ ಕೆಂಡ ಕಾಣಿಸುವುದಿಲ್ಲ.

ಎತ್ತರದ ರಾಶಿಗೆ ಸುತ್ತಲೂ ತಗಡಿನ ಗೋಡೆ ಕೊಟ್ಟರೆ ಅದೇ ಚಿಮ್ನಿ. ಎರಡೂ ಕಡೆ ಬಾಯಿ ಇರುವ ಕೊಳವೆ, ಕೆಳಗಿನಿಂದ ಒಂದು ಗೇಣಿನೊಳಗೆ ಒಂದು ಜಾಲರಿ, ಪಕ್ಕಕ್ಕೆ ಹಿಡಿಕೆ. ಜಾಲರಿಯ ಕೆಳಗೆ ಕಾಗದ, ಮೇಲೆ ಇದ್ದಿಲು. ಬಿಸಿಗಾಳಿ ಮೇಲಕ್ಕೇರುತ್ತದೆ, ಆ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ತಾನಾಗಿ ಎಳೆದುಕೊಳ್ಳುತ್ತದೆ. ಬೀಸಣಿಕೆಯ ಕೆಲಸವೇ ಇಲ್ಲ. 18 ಸೆಂಟಿಮೀಟರ್ ಅಡ್ಡಗಲ, 30 ಸೆಂಟಿಮೀಟರ್ ಎತ್ತರದ ಚಿಮ್ನಿಯಲ್ಲಿ ಜಾಲರಿಯ ಮೇಲೆ 5 ಲೀಟರ್‌ನಷ್ಟು ಜಾಗ ಸಿಗುತ್ತದೆ. ಅದಕ್ಕೆ ಸುಮಾರು 1.2 ಕಿಲೋ ಇದ್ದಿಲು ಹಿಡಿಯುತ್ತದೆ. ನಾಲ್ಕೈದು ಜನರ ಅಡುಗೆಗೆ ಅದು ಸಾಕು.

ಕೊಳ್ಳಲೇಬೇಕೆಂದಿಲ್ಲ, ಕಿರಾಣಿ ಅಂಗಡಿಯ 15 ಕಿಲೋ ಎಣ್ಣೆಯ ಚೌಕ ಡಬ್ಬಿಯಿಂದಲೇ ಚಿಮ್ನಿ ಆಗುತ್ತದೆ. ಮೇಲಿನ ಮುಖ, ತಳ ಎರಡನ್ನೂ ತಗಡು ಕತ್ತರಿಯಿಂದ ಪೂರ್ತಿ ಕತ್ತರಿಸಿ, ಅಂಚನ್ನು ಒಳಮಡಿಸಿ ಸುತ್ತಿಗೆಯಿಂದ ತಟ್ಟಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ತಳದಿಂದ 8 ಸೆಂಟಿಮೀಟರ್ ಎತ್ತರದಲ್ಲಿ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಸಳಿಗಳನ್ನು ಆಚೆಯಿಂದ ಈಚೆಗೆ ತೂರಿಸಿ: ನಾಲ್ಕು ಒಂದು ದಿಕ್ಕಿಗೆ, ಅವುಗಳ ಮೇಲೆ ನಾಲ್ಕು ಅಡ್ಡ. ಸಳಿಗಳ ಕೆಳಗೆ ಪ್ರತಿ ಮುಖಕ್ಕೂ ನಾಲ್ಕೈದು ತೂತು, ಬೆರಳು ಹೋಗುವಷ್ಟು. ಒಂದು ಬದಿಗೆ ಕಟ್ಟಿಗೆಯ ಹಿಡಿಕೆಯನ್ನು ಬೋಲ್ಟ್ ಹಾಕಿ ಬಿಗಿಯಿರಿ. ಹಿಡಿಕೆಗೂ ತಗಡಿಗೂ ನಡುವೆ ಎರಡು ಬೆರಳಿನ ಸಂದಿ ಇರಲಿ. ಈ ಡಬ್ಬಿಯ ಅಗಲ ಹೆಚ್ಚು, ಅರ್ಧಕ್ಕಿಂತ ಕಡಿಮೆ ತುಂಬಿದರೂ ಒಂದು ಕಿಲೋ ದಾಟುತ್ತದೆ. ಮೇಲೆ ಖಾಲಿ ಉಳಿದ ಭಾಗ ಗಾಳಿಯನ್ನು ಇನ್ನೂ ಚೆನ್ನಾಗಿ ಎಳೆಯುತ್ತದೆ. ಮೊದಲ ಸಲ ಅಡುಗೆ ಇಲ್ಲದೆ ಬಯಲಿನಲ್ಲಿ ಒಮ್ಮೆ ಉರಿಸಿ, ಹೊರಗಿನ ಬಣ್ಣ, ಒಳಗಿನ ಎಣ್ಣೆ ಸುಟ್ಟುಹೋಗಲಿ. ತಗಡು ತೆಳು, ಒಂದೆರಡು ಹಂಗಾಮಿಗೆ ತುಕ್ಕು ತಿಂದು ಹೋಗುತ್ತದೆ, ಮತ್ತೊಂದು ಡಬ್ಬಿ ತೆಗೆದುಕೊಂಡರಾಯಿತು.

ಸತುವಿನ ಲೇಪನದ ಜಿಐ ತಗಡು, ಜಿಐ ಬಕೆಟ್, ಕೋಳಿಗೂಡಿನ ಜಾಲರಿ ಇವನ್ನು ಎಲ್ಲಿಯೂ ಬಳಸಬೇಡಿ. ಸತು 420 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದಿಯುತ್ತದೆ. ಗಾಳಿ ಹೊಡೆದ ಕೆಂಡ ಅಲ್ಲಿಯವರೆಗೂ ಹೋಗಬಲ್ಲದು. ಆ ಬಿಳಿ ಹೊಗೆ ಕುಡಿದವರಿಗೆ ಜ್ವರ, ನಡುಕ ಬರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆ ಅಥವಾ ತಾರಿಹಾಳದ ವರ್ಕ್‌ಶಾಪಿನಲ್ಲಿ ಗ್ರಿಲ್ ಮಾಡಿಸುವವರು ಮೊದಲೇ ಹೇಳಬೇಕಾದ ಮಾತು ಇದು: ಸತು ಲೇಪಿಸದ ಕರಿ ತಗಡು ಇರಲಿ, 2ರಿಂದ 3 ಮಿಲಿಮೀಟರ್ ದಪ್ಪ ಇರಲಿ, ಇದ್ದಿಲಿನ ತಟ್ಟೆಗೂ ಮೇಲಿನ ಜಾಲರಿಗೂ 12ರಿಂದ 15 ಸೆಂಟಿಮೀಟರ್ ಅಂತರ ಇರಲಿ, ಕೆಳಗೆ ಮುಚ್ಚಿ ತೆರೆಯಲು ಬರುವ ಕಿಂಡಿ ಇರಲಿ. ಬ್ಯಾರಲ್ ಸೀಳಿ ಮಾಡಿಸುವುದಾದರೆ ಅದರಲ್ಲಿ ಮುಂಚೆ ಏನಿತ್ತೆಂದು ಕೇಳಿಕೊಳ್ಳಿ. ರಾಸಾಯನಿಕ, ಕೀಟನಾಶಕ ತುಂಬಿದ್ದ ಬ್ಯಾರಲ್ ಬೇಡವೇ ಬೇಡ.

ಹಚ್ಚುವ ಕ್ರಮಕ್ಕೆ ಬರೋಣ. ಹಳೆಯ ದಿನಪತ್ರಿಕೆಯ ಎರಡು ಹಾಳೆ ಸಾಕು. ಸಡಿಲವಾಗಿ ಮುದ್ದೆ ಮಾಡಿ. ಬಿಗಿದು ಉಂಡೆ ಕಟ್ಟಿದರೆ ಉರಿಯುವುದಿಲ್ಲ, ಗಚ್ಚಾಗಿ ತುಂಬಿದರೆ ಗಾಳಿ ಬರುವುದಿಲ್ಲ. ಕಾಗದದ ಮೇಲೆ ಅರ್ಧ ಚಮಚ ಅಡುಗೆ ಎಣ್ಣೆ ಚಿಮುಕಿಸಿದರೆ ಅದು ಬತ್ತಿಯಂತೆ ನಿಧಾನಕ್ಕೆ, ಹೆಚ್ಚು ಹೊತ್ತು ಉರಿಯುತ್ತದೆ. ಹಾವೇರಿಯ ಕಡೆ ಕಾಳು ಬಿಡಿಸಿದ ಗೋವಿನಜೋಳದ ಬೆಂಡಿಗೆ ಬರವಿಲ್ಲ. ಒಣಗಿದ ಎರಡು ಬೆಂಡು ಮುರಿದು ಕಾಗದದ ಜೊತೆ ಸೇರಿಸಿದರೆ ಕೆಲಸ ಇನ್ನೂ ಹಗುರ. ಗದಗ, ನರಗುಂದ, ನವಲಗುಂದದ ಕಡೆಯಾದರೆ ಹತ್ತಿಕಟ್ಟಿಗೆ ಇದ್ದೇ ಇದೆ, ಗೇಣುದ್ದ ಮುರಿದ ಒಂದು ಹಿಡಿ ಸಾಕು. ಕರ್ಪೂರವೂ ಆದೀತು, ಅದು ಪೂರ್ತಿ ಉರಿದು ಹೋಗುವ ತನಕ ಅಡುಗೆ ಇಡಬಾರದು ಅಷ್ಟೇ.

ಚಿಮ್ನಿಯನ್ನು ಇಟ್ಟಿಗೆಗಳ ಮೇಲೆ ಅಥವಾ ಗ್ರಿಲ್ಲಿನ ತಟ್ಟೆಯ ಮೇಲೇ ಇಡಿ. ಮಾಳಿಗೆಯ ಕಾಂಕ್ರೀಟಿನ ಮೇಲೆ, ಟೈಲ್ಸಿನ ಮೇಲೆ ನೇರ ಇಟ್ಟರೆ ಕಾವಿಗೆ ಅದು ಬಿರಿದು ಚಕ್ಕೆ ಏಳುತ್ತದೆ. ಕೆಳಗಿನ ತೂತಿನಿಂದ ಎರಡು ಮೂರು ಕಡೆ ಕಾಗದ ಹಚ್ಚಿ. ಮೊದಲ ಐದು ನಿಮಿಷ ದಟ್ಟ ಬಿಳಿ ಹೊಗೆ ಬರುತ್ತದೆ, ಗಾಬರಿಯಾಗಿ ಕೆದಕಬೇಡಿ. ಹೊಗೆ ತೆಳುವಾಗುತ್ತ ಹೋಗಿ ಮೇಲೆ ಬಿಸಿಗಾಳಿಯ ನಡುಕ ಕಾಣುತ್ತದೆ. ಕತ್ತಲಾಗಿದ್ದರೆ ತುಂಡುಗಳ ಸಂದಿಯಲ್ಲಿ ಸಣ್ಣ ನೀಲಿ ಜ್ವಾಲೆಯೂ ಕಂಡೀತು. ಕೆಳಗಿನ ಕೆಂಡದಲ್ಲಿ ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ಮೇಲೆ ಬಂದು ಉರಿಯುವ ಬಣ್ಣ ಅದು. ಜಾಲಿ ಇದ್ದಿಲಿಗೆ 12ರಿಂದ 15 ನಿಮಿಷ, ಬ್ರಿಕೆಟ್ಟಿಗೆ 20ರಿಂದ 25. ಎಲ್ಲಕ್ಕಿಂತ ಮೇಲಿನ ತುಂಡಿನ ಅಂಚು ಬೂದಿ ಬಣ್ಣಕ್ಕೆ ತಿರುಗಿದ್ದು ಕಂಡಾಗ ಕೆಂಡ ಸಿದ್ಧ. ದಪ್ಪ ಚರ್ಮದ ಕೈಗವಸು ಹಾಕಿ, ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು, ಮೈಯಿಂದ ಆಚೆಗೆ ಸುರಿಯಿರಿ. ಕಿಡಿ ಹಾರುತ್ತವೆ, ನೈಲಾನ್ ಬಟ್ಟೆ ಬೇಡ, ಮಕ್ಕಳು ದೂರ ಇರಲಿ.

ಚಿಮ್ನಿ ಇಲ್ಲದಿದ್ದರೆ ತಟ್ಟೆಯ ನಡುವೆ ತೆನೆಬೆಂಡು, ಪುಳ್ಳೆ, ಕಾಗದ ಇಟ್ಟು ಅದರ ಸುತ್ತ ಇದ್ದಿಲನ್ನು ಗೋಪುರದ ಹಾಗೆ ನಿಲ್ಲಿಸಿ. ದೊಡ್ಡ ತುಂಡು ಕೆಳಗೆ, ಸಣ್ಣವು ಮೇಲೆ. ಕೆಳಗಿನ ಕಿಂಡಿಯನ್ನು ಪೂರ್ತಿ ತೆರೆದಿಡಿ. ಅರ್ಧ ತಾಸು ಬೇಕು, ನಡುವೆ ಬೀಸಣಿಕೆಯೂ ಬೇಕು.

ಸೀಮೆಎಣ್ಣೆಯ ವಿಷಯಕ್ಕೆ ಎರಡೇ ಮಾತು. ರಂಧ್ರಗಳೊಳಗೆ ಇಳಿದ ಎಣ್ಣೆ ಮೇಲಿನ ಉರಿ ನಿಂತ ಮೇಲೂ ಹೊಗೆಯಾಡುತ್ತಲೇ ಇರುತ್ತದೆ, ಆ ವಾಸನೆ ಬದನೆಕಾಯಿಗೂ ಬಿಡುವುದಿಲ್ಲ, ಪನೀರಿಗೂ ಬಿಡುವುದಿಲ್ಲ. ಉರಿಯುತ್ತಿರುವ ಅಥವಾ ಬೆಚ್ಚಗಿರುವ ಕೆಂಡಕ್ಕೆ ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಏನನ್ನೂ ಸುರಿಯಬಾರದು. ಆವಿಗೆ ಬೆಂಕಿ ಹತ್ತಿ ಜ್ವಾಲೆ ಧಾರೆಗುಂಟ ಕೈಯಲ್ಲಿನ ಬಾಟಲಿಗೇ ಏರುತ್ತದೆ.

ಕಾವು ಹಿಡಿಯುವುದು, ಬಿಡುವುದು

ಕೆಂಡ ಸುರಿದ ಕೂಡಲೇ ಅಡುಗೆ ಇಡುವ ಅವಸರವೇ ಹೆಚ್ಚು ಕೆಡಿಸುತ್ತದೆ. ಇನ್ನೂ ಐದು ನಿಮಿಷ ಖಾಲಿ ಜಾಲರಿ ಕಾಯಲಿ. ಕಾದ ಸಳಿಗೆ ಪದಾರ್ಥ ಅಂಟುವುದಿಲ್ಲ, ಹಿಂದಿನ ಸಲದ ಕರಕಲು ಸುಲಭವಾಗಿ ಉದುರುತ್ತದೆ. ತಂತಿಬ್ರಶ್ ಬದಲು ಅರ್ಧ ಉಳ್ಳಾಗಡ್ಡಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಸಳಿಗಳ ಮೇಲೆ ಉಜ್ಜುವುದು ನನಗೆ ಹೆಚ್ಚು ಇಷ್ಟ. ಬ್ರಶ್ಶಿನ ತಂತಿ ಮುರಿದು ಊಟದಲ್ಲಿ ಸೇರುವ ಭಯ ಇರುವುದಿಲ್ಲ.

ಕೆಂಡವನ್ನು ಎಲ್ಲ ಕಡೆ ಸಮನಾಗಿ ಹರಡುವ ಅಭ್ಯಾಸ ಬಿಡಿ. ಮೂರರಲ್ಲಿ ಎರಡು ಪಾಲು ಜಾಗದಲ್ಲಿ ಕೆಂಡ ಇರಲಿ. ಅದರಲ್ಲೂ ಒಂದು ಅಂಚಿಗೆ ಎರಡು ಮೂರು ಪದರ, ಬರಬರುತ್ತ ಒಂದು ಪದರ. ಉಳಿದ ಒಂದು ಪಾಲು ಪೂರ್ತಿ ಖಾಲಿ. ದಪ್ಪ ಕೆಂಡದ ಮೇಲೆ ಬಣ್ಣ ಬರಿಸುವುದು, ತೆಳು ಕೆಂಡದ ಮೇಲೆ ಬೇಯಿಸುವುದು, ಖಾಲಿ ಜಾಗದಲ್ಲಿ ಬೆಚ್ಚಗಿಡುವುದು. ಕೆಂಡ ಮಾತು ಕೇಳದಿದ್ದಾಗ ಪದಾರ್ಥವನ್ನು ಸರಿಸಲು ಜಾಗ ಇರುವುದೇ ದೊಡ್ಡ ಭದ್ರತೆ. ಗಾಳಿಕಿಂಡಿ ತಿರುಗಿಸಿದ ಪರಿಣಾಮ ಕಾಣಲು ಐದು ಹತ್ತು ನಿಮಿಷ ಹಿಡಿಯುತ್ತದೆ, ಚಿಮಟಾದಿಂದ ಸರಿಸಿದ್ದು ಆ ಕ್ಷಣಕ್ಕೇ ಫಲಿಸುತ್ತದೆ.

ಕಾವಿನ ಅಳತೆಗೆ ಅಂಗೈ ಸಾಕು. ಜಾಲರಿಯಿಂದ 12 ಸೆಂಟಿಮೀಟರ್ ಮೇಲೆ ಅಂಗೈ ಹಿಡಿದು ಮೆಲ್ಲಗೆ ಎಣಿಸಿ. ಎರಡು ಮೂರು ಸೆಕೆಂಡಿಗೆ ಕೈ ಹಿಂದಕ್ಕೆ ಬಂದರೆ ಜೋರು ಕಾವು, ಸುಮಾರು 230ರಿಂದ 290 ಡಿಗ್ರಿ. ನಾಲ್ಕೈದು ಸೆಕೆಂಡು ತಡೆದರೆ ನಡುಕಾವು, 175ರಿಂದ 230. ಎಂಟು ಹತ್ತು ಸೆಕೆಂಡು ಇರಲು ಬಂದರೆ ಮೆತ್ತನೆಯ ಕಾವು, 120ರಿಂದ 150. ಉದ್ದ ತೋಳಿನ ಸಡಿಲ ಬಟ್ಟೆಯಿದ್ದರೆ ಮೊದಲು ಮಡಿಸಿಕೊಳ್ಳಿ.

ಕೆಂಡ ಆರುತ್ತ ಬಂದಂತೆ ಅದರ ಬಲ ನಾವು ಎಣಿಸಿದ್ದಕ್ಕಿಂತ ವೇಗವಾಗಿ ಕುಸಿಯುತ್ತದೆ. ಬಿಸಿ ವಸ್ತು ಬೀರುವ ಕಾವು ಅದರ ನಿರಪೇಕ್ಷ ಉಷ್ಣತೆಯ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದ್ದು) ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಕೆಂಡ 800 ಡಿಗ್ರಿಯಿಂದ 600ಕ್ಕೆ ಇಳಿದರೆ ಬೀರುವ ಕಾವು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಕಣ್ಣಿಗೆ ಕೆಂಪು ಕಾಣುತ್ತಲೇ ಇರುತ್ತದೆ, ಅಡುಗೆ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಮೇಲೆ ಕೂತ ಬೂದಿ ಇನ್ನಷ್ಟು ತಡೆಯುತ್ತದೆ. ಆಗ ಹೊಸ ಇದ್ದಿಲು ಸುರಿಯುವ ಮೊದಲು ತಟ್ಟೆಯನ್ನು ಮೆಲ್ಲಗೆ ಅಲುಗಾಡಿಸಿ ಬೂದಿ ಉದುರಿಸಿ, ಕೆಂಡಗಳನ್ನು ಒತ್ತಟ್ಟಿಗೆ ತಳ್ಳಿ. ಬಹಳ ಸಲ ಅಷ್ಟಕ್ಕೇ ಕಾವು ಮರಳುತ್ತದೆ.

ಮುಚ್ಚಳವಿರುವ ಗ್ರಿಲ್ಲಿನಲ್ಲಿ ಎರಡು ಕಿಂಡಿ. ಕೆಳಗಿನದು ಗಾಳಿಯ ಬಾಗಿಲು, ಮೇಲಿನದು ಹೊಗೆಯ ಬಾಗಿಲು. ಮೇಲಿನದನ್ನು ಮುಕ್ಕಾಲಾದರೂ ತೆರೆದಿಟ್ಟು ಕೆಳಗಿನದರಿಂದ ಕಾವು ತಿದ್ದುವುದು ಸರಿಯಾದ ಪದ್ಧತಿ. ಮೇಲಿನದನ್ನು ಮುಚ್ಚಿ ಕಾವು ಇಳಿಸಲು ಹೋದರೆ ಹಳಸಿದ ಹೊಗೆ ಒಳಗೇ ಸುತ್ತಿ ಪದಾರ್ಥಕ್ಕೆ ಕಹಿ, ಮಸಿ ಹಿಡಿಯುತ್ತದೆ. ಕೆಳಗಿನ ಕಿಂಡಿಯನ್ನು ಒಂದು ಸಲಕ್ಕೆ ಕಾಲು ಭಾಗದಷ್ಟೇ ಸರಿಸಿ, ಹತ್ತು ನಿಮಿಷ ಕಾಯಿರಿ. ಏರಿದ ಕಾವನ್ನು ಇಳಿಸುವುದಕ್ಕಿಂತ ಇಳಿದದ್ದನ್ನು ಏರಿಸುವುದು ಸುಲಭ. ಹೀಗಾಗಿ ಬೇಕಾದ ಕಾವು ಬರುವ ಸ್ವಲ್ಪ ಮುಂಚೆಯೇ ಕಿಂಡಿ ಕಿರಿದು ಮಾಡಿ. ಮುಚ್ಚಳವನ್ನು ಮತ್ತೆ ಮತ್ತೆ ತೆರೆದು ನೋಡುವುದೂ ಕೆಂಡಕ್ಕೆ ಗಾಳಿ ಹಾಕಿದ ಹಾಗೆಯೇ.

ಆಷಾಢ, ಶ್ರಾವಣದ ಗಾಳಿಯಲ್ಲಿ ಇಲ್ಲಿ ಇನ್ನೊಂದು ಎಚ್ಚರ ಬೇಕು. ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಕೆಳಗಿನ ಕಿಂಡಿಯ ಬಾಯಿ ಆ ಕಡೆಗೆ ಇದ್ದರೆ ಅದು ಕುಲುಮೆಯ ತಿದಿಯಾಗುತ್ತದೆ. ಗ್ರಿಲ್ಲನ್ನು ತಿರುಗಿಸಿ ಕಿಂಡಿ ಮೂಡಣಕ್ಕೆ ಬರುವಂತೆ ಮಾಡಿ. ಪಡುವಣ ಬದಿಗೆ ಎರಡಡಿ ಎತ್ತರಕ್ಕೆ ಇಟ್ಟಿಗೆ ಅಥವಾ ತಗಡಿನ ಮರೆ ಕಟ್ಟಿ. ಮರೆ ಗ್ರಿಲ್ಲಿಗೆ ತಾಗಬಾರದು, ಎರಡಡಿ ಬಿಟ್ಟಿರಲಿ. ಕಿಡಿ ಹಾರುವ ಗಾಳಿಯಿದ್ದರೆ, ಹತ್ತಿರದಲ್ಲಿ ಕಣಿಕೆಯ ಬಣವೆ, ಹೊಟ್ಟಿನ ಗುಡ್ಡೆ ಇದ್ದರೆ ಆ ದಿನ ಹಚ್ಚಲೇಬೇಡಿ.

ಕೊಬ್ಬು, ಎಣ್ಣೆ ತೊಟ್ಟಿಕ್ಕಿ ಉರಿ ಭಗ್ಗೆಂದು ಏಳುವುದು ಎಲ್ಲರಿಗೂ ಆಗುವ ತೊಂದರೆ. ನೀರು ಚಿಮುಕಿಸಿದರೆ ಬೂದಿ ಎದ್ದು ಊಟಕ್ಕೆ ಅಂಟುತ್ತದೆ, ಆವಿ ಕೈ ಸುಡುತ್ತದೆ. ಪದಾರ್ಥವನ್ನು ಖಾಲಿ ಜಾಗಕ್ಕೆ ಸರಿಸಿ, ಮುಚ್ಚಳ ಮುಚ್ಚಿ. ಗಾಳಿ ಸಿಗದೆ ಅರ್ಧ ನಿಮಿಷದಲ್ಲಿ ಉರಿ ಕುಗ್ಗುತ್ತದೆ. ಮಸಾಲೆಯಲ್ಲಿ ನೆನೆಸಿದ್ದನ್ನು ಜಾಲರಿಗೆ ಇಡುವ ಮುಂಚೆ ಹೆಚ್ಚಿನ ಎಣ್ಣೆ, ಮೊಸರು ಸೋರಿಸಿದರೆ ಈ ತೊಂದರೆ ಅರ್ಧ ತಪ್ಪುತ್ತದೆ.

ಯಾವುದಕ್ಕೆ ಯಾವ ಕಾವು

ಬದನೆಕಾಯಿ ಜೋರು ಕಾವಿನ ಪದಾರ್ಥ. ಕಾಲು ಕಿಲೋ ದಾಟಿದ ದೊಡ್ಡ ಕಾಯಿಗೆ ನಾಲ್ಕೈದು ಕಡೆ ಚಾಕುವಿನ ತುದಿಯಿಂದ ಚುಚ್ಚಿ, ಇಲ್ಲವಾದರೆ ಆವಿ ತುಂಬಿ ಒಡೆಯುತ್ತದೆ. ಕೆಂಡದ ಮೇಲೇ ಇಟ್ಟು ನಾಲ್ಕೈದು ನಿಮಿಷಕ್ಕೊಮ್ಮೆ ಹೊರಳಿಸಿ. ಒಟ್ಟು 15ರಿಂದ 20 ನಿಮಿಷ. ಸಿಪ್ಪೆ ಪೂರ್ತಿ ಕಪ್ಪಾಗಿ, ತೊಟ್ಟಿನ ಹತ್ತಿರ ಒತ್ತಿದರೆ ಒಳಗೆ ಕುಸಿಯಬೇಕು. ಸಿಪ್ಪೆ ಕಪ್ಪಾಗಿದೆ ಎಂದು ಹತ್ತೇ ನಿಮಿಷಕ್ಕೆ ತೆಗೆದರೆ ತೊಟ್ಟಿನ ಬದಿ ನಾರುನಾರಾಗಿ ಉಳಿಯುತ್ತದೆ. ತೆಗೆದ ಮೇಲೆ ಪಾತ್ರೆಯಲ್ಲಿ ಮುಚ್ಚಿ ಹತ್ತು ನಿಮಿಷ ಇಟ್ಟರೆ ಸಿಪ್ಪೆ ತಾನೇ ಬಿಡುತ್ತದೆ. ಜೊತೆಗೆ ಎರಡು ಇಡೀ ಉಳ್ಳಾಗಡ್ಡಿ, ಒಂದು ಗಡ್ಡೆ ಬಳ್ಳೊಳ್ಳಿಯನ್ನು ಅಂಚಿನ ಬಿಸಿ ಬೂದಿಯಲ್ಲಿ ಹೂತಿಡಿ, ನಾಲ್ಕು ಹಸಿಮೆಣಸಿನಕಾಯಿ ಜಾಲರಿಯ ಮೇಲೆ. ಎಲ್ಲ ಸೇರಿಸಿ ಹಿಸುಕಿದರೆ ರೊಟ್ಟಿಗೆ ಬೇರೆ ಪಲ್ಯ ಬೇಡ.

ಗೋವಿನಜೋಳದ ತೆನೆಗೆ ನಡುಕಾವು. ಉಗುರಿನಿಂದ ಕಾಳು ಚಿವುಟಿದರೆ ಹಾಲು ಬರಬೇಕು. ಬಲಿತ ತೆನೆ ಸುಟ್ಟರೆ ಕಾಳು ಸಿಡಿಯುತ್ತದೆ, ಹಲ್ಲಿಗೆ ಗಟ್ಟಿ. ಸಿಪ್ಪೆ ಸಮೇತ 15 ನಿಮಿಷ ತೆಳು ಕೆಂಡದ ಮೇಲೆ ಹೊರಳಿಸಿ, ಆಮೇಲೆ ಸುಲಿದು ಮೂರು ನಾಲ್ಕು ನಿಮಿಷ ಜೋರು ಕಾವಿಗೆ ಹಿಡಿಯಿರಿ: ಒಳಗೆ ಬೆಂದು, ಹೊರಗೆ ಅಲ್ಲಲ್ಲಿ ಕಪ್ಪು ಚುಕ್ಕೆ. ಮಳೆಗಾಲದಲ್ಲಿ ರಸ್ತೆ ಬದಿಗೆ ತೆನೆ ಸುಡುವವರ ಕೈ ಗಮನಿಸಿ. ಅವರ ಶೆಗಡಿಯಲ್ಲಿ ಕೆಂಡ ಎರಡು ಹಿಡಿಗಿಂತ ಹೆಚ್ಚಿರುವುದಿಲ್ಲ. ತೆನೆ ಮೇಲಿದ್ದಾಗ ಮಾತ್ರ ಬೀಸುತ್ತಾರೆ, ಗಿರಾಕಿ ಇಲ್ಲದಾಗ ಕೆಂಡದ ಮೇಲೆ ಬೂದಿ ಕೂಡಲು ಬಿಡುತ್ತಾರೆ. ಇಷ್ಟು ಕಡಿಮೆ ಇದ್ದಿಲಿನಲ್ಲಿ ಇಡೀ ಸಂಜೆ ಕಳೆಯುವ ಆ ಕೈಚಳಕಕ್ಕೆ ನನ್ನಲ್ಲಿ ಅಪಾರ ಗೌರವ ಇದೆ.

ಸಳಿಗೆ ಚುಚ್ಚಿದ ಪನೀರು, ದೊಣ್ಣಮೆಣಸಿನಕಾಯಿಗೆ ಜೋರು ಕಾವು, ಒಂದೊಂದು ಬದಿಗೆ ಎರಡು ಮೂರು ನಿಮಿಷ. ಹೆಚ್ಚು ಹೊತ್ತಾದರೆ ಪನೀರು ರಬ್ಬರಾಗುತ್ತದೆ. ಸಳಿ ಬಿದಿರಿನ ಕಡ್ಡಿಯಾದರೆ ಅರ್ಧ ತಾಸು ನೀರಲ್ಲಿ ನೆನೆಸಿ. ಹಿತ್ತಲಿನ ಗಿಡದ ಕಡ್ಡಿ ಕತ್ತರಿಸಿ ಬಳಸುವವರು ಕಣಗಿಲೆಯ ಕಡ್ಡಿಯನ್ನು ಮಾತ್ರ ಮುಟ್ಟಬಾರದು. ಗಿಡವೆಲ್ಲ ವಿಷ, ಅದರ ಹೊಗೆಯೂ ವಿಷ.

ಎಲುಬಿರುವ ಕೋಳಿಗೆ ಕ್ರಮ ಬೇರೆ. ಮೊದಲು ಖಾಲಿ ಜಾಗದಲ್ಲಿ, ಮುಚ್ಚಳ ಮುಚ್ಚಿ, 180 ಡಿಗ್ರಿಯ ಆಸುಪಾಸಿನಲ್ಲಿ 25ರಿಂದ 30 ನಿಮಿಷ. ಆಮೇಲೆ ಕೆಂಡದ ಮೇಲೆ ತಂದು ಬಣ್ಣ ಬರಿಸಿ. ಎಲುಬಿನ ಹತ್ತಿರದ ಮಾಂಸ 74 ಡಿಗ್ರಿ ಮುಟ್ಟಬೇಕು. ಚುಚ್ಚುವ ಥರ್ಮಾಮೀಟರ್ ಒಂದು ಇದ್ದರೆ ಅಂದಾಜಿನ ಗೊಡವೆ ಇಲ್ಲ. ಮಸಾಲೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕುವವರು ಇದನ್ನು ನೆನಪಿಡಬೇಕು: ಬಣ್ಣಕ್ಕೆ ಹೆಸರಾದ ಆ ಪುಡಿ ಜೋರು ಕಾವಿಗೆ ಬೇಗ ಸೀದು ಕಪ್ಪಾಗುತ್ತದೆ, ಕಹಿಯಾಗುತ್ತದೆ, ಘಾಟು ಏಳುತ್ತದೆ. ಅರ್ಧ ಪುಡಿಯನ್ನು ಮಸಾಲೆಯಲ್ಲಿ ಹಾಕಿ, ಉಳಿದರ್ಧವನ್ನು ಎಣ್ಣೆಯಲ್ಲಿ ಕಲಸಿಟ್ಟು ಕೊನೆಯ ಐದು ನಿಮಿಷದಲ್ಲಿ ಬಳಿಯಿರಿ. ಬೆಲ್ಲ, ಸಕ್ಕರೆ ಹಾಕಿದ ಮಸಾಲೆಗೂ ಇದೇ ಮಾತು.

ಹೊಗೆಯ ರುಚಿ ಬೇಕೆನ್ನುವವರಿಗೆ ಧಾರವಾಡದಲ್ಲಿ ಪೇರಲ, ಮಾವಿನ ತೋಟಗಳಿವೆ. ಸವರಿದ ಟೊಂಗೆ ತಂದು ಕೆಲವು ತಿಂಗಳು ಒಣಗಿಸಿ, ಹೆಬ್ಬೆರಳು ಗಾತ್ರದ ಎರಡು ತುಂಡು ಕೆಂಡದ ಅಂಚಿಗೆ ಇಟ್ಟರೆ ಸಾಕು. ಹೊಗೆ ತೆಳುವಾಗಿ ನೀಲಿಛಾಯೆ ಇದ್ದರೆ ರುಚಿ, ದಟ್ಟವಾಗಿ ಬೆಳ್ಳಗಿದ್ದರೆ ಕಹಿ. ಬಣ್ಣ ಬಳಿದ ಕಟ್ಟಿಗೆ, ಪ್ಲೈವುಡ್ ಚೂರು ಬೇಡ.

ಅಡುಗೆ ಒಂದು ತಾಸು ಮೀರುವುದಾದರೆ ಕಾವು ಬಿದ್ದ ಮೇಲೆ ಎಚ್ಚೆತ್ತುಕೊಂಡು ಪ್ರಯೋಜನ ಇಲ್ಲ. ಕಟ್ಟಿಗೆ ಇದ್ದಿಲಾದರೆ 30ರಿಂದ 40 ನಿಮಿಷಕ್ಕೆ, ಬ್ರಿಕೆಟ್ ಆದರೆ 45ರಿಂದ 60 ನಿಮಿಷಕ್ಕೆ ಸೇರಿಸುತ್ತ ಹೋಗಬೇಕು. ಹೊತ್ತಿಸದ ಇದ್ದಿಲನ್ನು ನೇರ ಹಾಕಿದರೆ ಮೊದಲ ಹೊಗೆ ಊಟಕ್ಕೆ ಹತ್ತುತ್ತದೆ. ಪಕ್ಕದಲ್ಲಿ ಚಿಮ್ನಿಯಲ್ಲಿ ಅರ್ಧ ಕಿಲೋ ಹೊತ್ತಿಸಿಟ್ಟುಕೊಂಡು, ಕೆಂಡವಾದ ಮೇಲೆ ಸೇರಿಸಿ.

ಆರಿಸುವುದು

ಗಾಳಿಯ ಲೆಕ್ಕ ತಪ್ಪಿದರೆ ಜೀವಕ್ಕೇ ಎರವಾಗುವ ಜಾಗ ಒಂದಿದೆ, ಮನೆಯ ಒಳಗು. ಗಾಳಿ ಸಾಲದ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ನಿದ್ದೆಯ ಮಂಪರು, ಅಷ್ಟರಲ್ಲಿ ಏಳಲು ಶಕ್ತಿ ಉಳಿದಿರುವುದಿಲ್ಲ. ಮಳೆ ಬಂತೆಂದು ಗ್ರಿಲ್ಲನ್ನು ಪಡಸಾಲೆಗೆ ಎಳೆಯುವುದು, ಡಿಸೆಂಬರಿನ ಚಳಿಗೆ ಅರೆ ಆರಿದ ಶೆಗಡಿಯನ್ನು ಮಲಗುವ ಕೋಣೆಗೆ ತರುವುದು, ಎರಡೂ ಕೂಡದು. ಕಿಟಕಿ ತೆರೆದಿದೆ ಎಂಬುದು ಸಮಾಧಾನವಲ್ಲ. ಹೊಗೆಯೇ ಇಲ್ಲದ, ಬೂದಿ ಮುಚ್ಚಿದ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ.

ಊಟ ಮುಗಿದ ಮೇಲೆ ಮುಚ್ಚಳ ಹಾಕಿ ಎರಡೂ ಕಿಂಡಿ ಪೂರ್ತಿ ಮುಚ್ಚಿ. ಗಾಳಿ ನಿಂತರೆ ಕೆಂಡ ನಿಧಾನವಾಗಿ ಆರುತ್ತದೆ, ಉಳಿದ ಇದ್ದಿಲು ಉಳಿಯುತ್ತದೆ. ನೀರು ಸುರಿದರೆ ತಗಡು ಸೊಟ್ಟಗಾಗುತ್ತದೆ, ಬೂದಿ ಕೆಸರಾಗಿ ತುಕ್ಕಿಗೆ ದಾರಿ. ಮುಚ್ಚಳ ಇಲ್ಲದ ಗ್ರಿಲ್ಲಾದರೆ ಕೆಂಡಗಳನ್ನು ಚಿಮಟಾದಿಂದ ತೆಗೆದು, ಬಿಗಿ ಮುಚ್ಚಳದ ದಪ್ಪ ಕಬ್ಬಿಣದ ಡಬ್ಬಿಗೆ ಹಾಕಿ ಮುಚ್ಚಿ, ಬಯಲಿನಲ್ಲೇ ಬಿಡಿ. ಬೂದಿಯೊಳಗೆ ಕಿಡಿ ಒಂದು ದಿನ, ಎರಡು ದಿನವೂ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ, ತಿಪ್ಪೆಗೆ ಅದೇ ರಾತ್ರಿ ಸುರಿಯಬೇಡಿ.

ಎರಡು ದಿನ ಬಿಟ್ಟು ಜರಡಿ ಹಿಡಿಯಿರಿ. ಉಳಿದ ಇದ್ದಿಲು ಹೊಸದಕ್ಕಿಂತ ಬೇಗ ಹೊತ್ತುತ್ತದೆ, ಆದರೆ ತುಂಡುಗಳು ಸಣ್ಣವಾಗಿರುತ್ತವೆ. ಮುಂದಿನ ಸಲ ಚಿಮ್ನಿಯ ತಳಕ್ಕೆ ಹೊಸ ದೊಡ್ಡ ತುಂಡು, ಮೇಲೆ ಹಳೆಯವು. ಒಟ್ಟಿನಲ್ಲಿ ಮೂರನೇ ಒಂದು ಪಾಲು ಮೀರದಿರಲಿ. ಬೂದಿಯನ್ನು ಗಿಡಕ್ಕೆ ಹಾಕುವವರು ತಮ್ಮ ಮಣ್ಣು ನೋಡಿಕೊಳ್ಳಬೇಕು. ಬೂದಿ ಕ್ಷಾರ. ಮಸಾರಿ ಮಣ್ಣಿನ ಹಿತ್ತಲಿಗೆ ಗಿಡಕ್ಕೊಂದು ಹಿಡಿ, ವರ್ಷಕ್ಕೆ ಒಂದೆರಡು ಸಲ ಹಾಕಿದರೆ ತೊಂದರೆ ಇಲ್ಲ. ಗದಗ, ನವಲಗುಂದದ ಎರೆಮಣ್ಣು ಮೊದಲೇ ಕ್ಷಾರದ ಕಡೆಗೆ ವಾಲಿರುತ್ತದೆ, ಅಲ್ಲಿ ಹಾಕದಿರುವುದೇ ಲೇಸು. ಆ ಬೂದಿ ಪಾತ್ರೆ ತಿಕ್ಕಲು ಇರಲಿ. ಬ್ರಿಕೆಟ್ಟಿನ ಬೂದಿಯನ್ನು ಮಾತ್ರ ಗಿಡಕ್ಕೂ ಪಾತ್ರೆಗೂ ಬಳಸದೆ ತಣ್ಣಗಾದ ಮೇಲೆ ಕಸಕ್ಕೆ ಹಾಕಿ.